ಜಮಾಲುದ್ದೀನನ ಹೆಸರಿನ ಕೆಂಪು ಗೆರೆ

ಜಮಾಲುದ್ದೀನನ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಂದರೆ, ಅವನ ಓಟು ಆಗಿಹೋಗಿತ್ತು.

ಮುನ್ನೀ ಬೀ ಮತಗಟ್ಟೆಯ ಪಟ್ಟಿಯನ್ನೇ ನೋಡುತ್ತ ನಿಂತಳು. ಲಾರಿ ರಿಪೇರಿ ಕೆಲಸಕ್ಕೆಂದು ಗೋವಾ ಕಡೆ ಹೋದ ಗಂಡ. ಒಂದು ವರ್ಷ ಫೋನು ಬಂತು, ಆಮೇಲೆ ಅದೂ ನಿಂತಿತು. ಈಗ ಏಳು ವರ್ಷ.

“ನಿಮ್ ಯಜಮಾನ್ರು ಬೆಳಿಗ್ಗೇನೇ ಹಾಕಿ ಹೋದ್ರಲ್ಲಮ್ಮ,” ಎಂದರು ಅಧಿಕಾರಿ. ಹರಪನಹಳ್ಳಿ ಕಡೆಯ ಮೇಷ್ಟ್ರು. ಈ ಊರಿನ ಒಂದು ಮುಖವೂ ಅವರಿಗೆ ಗೊತ್ತಿಲ್ಲ.

“ಹೆಂಗಿದ್ರು ರೀ ಅವರು?”

“ಐನೂರು ಜನ ಬಂದಾರೆ. ಯಾರ್ನ ಅಂತ ನೆನಪಿಡ್ಲಿ?”

ಓಟಿನ ವಿಷಯದಲ್ಲಿ ಈ ಊರು ಮಹಾ ಹಟಮಾರಿ. ನೂರಕ್ಕೆ ತೊಂಬತ್ತು ಬೀಳದಿದ್ದರೆ ಇವರಿಗೆ ಅನ್ನ ಸೇರುವುದಿಲ್ಲ. ಆದರೂ ಆ ಪುಟದಲ್ಲಿ ಪಕ್ಕದ ಮನೆಯ ನಾಗಪ್ಪನ ಹೆಸರಿಗೆ ಗೆರೆ ಇರಲಿಲ್ಲ. ಮುನ್ನೀ ಬೀಗೆ ಅದೆಲ್ಲ ಯಾಕೆ ಬೇಕು? ಯಾವ ಗುಂಡಿ ಒತ್ತಿದಳೋ ಅವಳಿಗೇ ಗೊತ್ತಿಲ್ಲ, ಮನೆಗೆ ಓಡಿದಳು.

ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದ ಗಂಡನ ಓಟಿನ ಚೀಟಿ ಇರಲಿಲ್ಲ. ಚೀಟಿಗೆ ಆ ಜಾಗ ಗೊತ್ತುಮಾಡಿದ್ದು ಅವನೇ. ಬಂದಿದ್ದಾನೆ! ತಾನಿಲ್ಲದ ಹೊತ್ತಿಗೆ ಒಳಗೆ ಬಂದು ಚೀಟಿ ಒಯ್ದಿದ್ದಾನೆ. ಮುನ್ನೀ ಬೀ ಕಣ್ಣೊರೆಸಿಕೊಂಡು, ಇಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಗಿಟ್ಟಳು.

ಓಟು ಮುಗಿದ ಮೇಲೆ ಸುಕನ್ಯಾ ಬಂದಳು. ಅಂಗನವಾಡಿ ಟೀಚರ್, ಊರಿನ ಮತದಾರರ ಪಟ್ಟಿಯೂ ಅವಳದೇ ಜವಾಬ್ದಾರಿ. ಗಂಡ ಬಂದು ಚೀಟಿ ಒಯ್ದು ಓಟು ಹಾಕಿದ್ದಾನೆಂದು ಮುನ್ನೀ ಬೀ ಹೇಳಿದಳು.

“ಅಕ್ಕ, ಚೀಟಿ ಎಲ್ಲಿಮಟ ಇತ್ತು?”

“ನಿನ್ನಿ ಸಂಜಿಮಟ.”

“ಆಮ್ಯಾಲೆ ಮನಿಗೆ ಯಾರು ಬಂದಿದ್ರು?”

“ಯಾರೂ ಇಲ್ಲ. ನಾಗಪ್ಪಣ್ಣ ಹಾಲು ಕೊಟ್ಟು ಹೋದ್ರು. ಅವ್ರೇನು ಬ್ಯಾರೆಯವ್ರೇನು?”

ಸುಕನ್ಯಾ ಅಡ್ಡಡ್ಡ ತಲೆ ಆಡಿಸಿದಳು. “ಮತಗಟ್ಟಿ ಒಳಗ ಇಬ್ಬರು ಏಜೆಂಟ್ರು ಕುಂತಿದ್ರು. ಜಮಾಲಣ್ಣನ ಪಾರ್ಟಿಯಿಂದ ಮೈಲಪ್ಪ, ಎದುರು ಪಾರ್ಟಿಯಿಂದ ಪಾಲಯ್ಯ. ಇಬ್ಬರೂ ಈ ಊರವ್ರು. ಏಳು ವರ್ಷಕ್ಕ ಜಮಾಲಣ್ಣ ಬಂದಿದ್ರ ಸುಮ್ಮನ ಇರ್ತಿದ್ರೇನು? ಊರೆಲ್ಲ ಹೇಳ್ಕೊಂಡು ಬರ್ತಿದ್ರು. ಬ್ಯಾರೆ ಯಾರೋ ಬಂದಿದ್ರ, ಒಬ್ಬನಾದ್ರೂ ಜಗಳ ತೆಗೀತಿದ್ದ. ಇಬ್ಬರೂ ಬಾಯಿ ಮುಚ್ಕೊಂಡು ಕುಂತ್ರು — ಯಾಕ?”

ಮುನ್ನೀ ಬೀ ಒಲೆಯ ಕಡೆ ತಿರುಗಿದಳು. ಅವಳಿಗೆ ಉತ್ತರ ಬೇಕಿರಲಿಲ್ಲ. ಗಂಡ ಬೇಕಾಗಿದ್ದ.

ಅಷ್ಟರಲ್ಲಿ ನಾಗಪ್ಪ ಹಾಲಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದ.

“ನಾಗಪ್ಪಣ್ಣ, ಎಡಗೈ ತೋರಸ್ರಿ,” ಎಂದಳು ಸುಕನ್ಯಾ.

ತೋರುಬೆರಳಿನಲ್ಲಿ ಮಸಿ ಇತ್ತು.

“ಪಟ್ಟಿ ಈಗ ನೋಡ್ಕೊಂಡು ಬಂದೀನಿ. ನಿಮ್ಮ ಹೆಸರಿಗೆ ಗೆರಿ ಇಲ್ಲ. ನೀವು ಓಟು ಹಾಕಿಲ್ಲ. ಮತ್ತ ಮಸಿ ಎಲ್ಲಿಂದ ಬಂತು?”

ನಾಗಪ್ಪ ತಂಬಿಗೆ ಕೆಳಗಿಟ್ಟ.

“ನೀವು ಮೊದಲಿಂದ ಪಾಲಯ್ಯನ ಪಾರ್ಟಿ,” ಸುಕನ್ಯಾ ಮುಂದುವರಿಸಿದಳು. “ಹೆಸರು ನಮ್ಮವಂದು, ಓಟು ನಮಗ ಅಂತ ಮೈಲಪ್ಪ ಸುಮ್ಮನಾದ. ಗುಂಡಿ ಒತ್ತೋ ಕೈ ನಮ್ಮವಂದು, ಓಟು ನಮಗ ಅಂತ ಪಾಲಯ್ಯನೂ ಸುಮ್ಮನಾದ. ಈ ಊರಾಗ ಹಂಗ ಒಳಗ ಹೋಗಿ ಬರಾಕ ನಿಮ್ಮನ್ನ ಬಿಟ್ರ ಯಾರಿಗೂ ಆಗಂಗಿಲ್ಲ.”

ನಾಗಪ್ಪ ಹೊಸ್ತಿಲ ಮೇಲೆ ಕೂತು ಮುನ್ನೀ ಬೀ ಕಡೆ ತಿರುಗಿದ.

“ಇಪ್ಪತ್ತೈದು ವರ್ಷ ಜಮಾಲ ನಾನು ಇಬ್ಬರೂ ಕೂಡೇ ಹೋಗಿ ಓಟು ಹಾಕಿವಿ ತಂಗಿ. ನನ್ನ ಓಟು ಅವಂದನ್ನ ಹೊಡೀತಿತ್ತು, ಅವಂದು ನಂದನ್ನ. ‘ಲೇ ನಾಗ್ಯಾ, ಇವತ್ತೂ ಇಬ್ಬರದೂ ದಂಡ’ ಅಂತ ನಕ್ಕೊಂತ ಚಾ ಕುಡಸ್ತಿದ್ದ. ಊರಾಗ ಇಲ್ಲದವರ ಹೆಸರು ಪಟ್ಟಿಯಿಂದ ತೆಗೀತಾರಂತ ಈ ಟೀಚರೇ ಹೇಳಿದ್ರು. ಓಟು ಬಿದ್ರ ಹೆಸರು ಉಳೀತೈತಿ ಅನಕೊಂಡೆ. ಅಂವಿಲ್ಲದ ಊರಾಗ ಅಂವನ ಹೆಸರೂ ಇರಬಾರದೇನು?”

“ಯಾರಿಗೆ ಒತ್ತಿದ್ರಿ?” ಮುನ್ನೀ ಬೀ ಕೇಳಿದಳು.

“ಅವನ ಪಾರ್ಟಿಗೇ. ಅವನ ಓಟಲ್ಲೇನು?”

ಸುಕನ್ಯಾ ಚೀಲದಿಂದ ಪುಸ್ತಕ ತೆಗೆದಳು. “ತಪ್ಪು ತಪ್ಪೇ, ಅಣ್ಣ. ನಾನು ಮ್ಯಾಲಿನವರಿಗೆ ಬರದು ಕೊಡಬೇಕು. ಹೆಸರೂ ಉಳಿಯಂಗಿಲ್ಲ, ಅಕ್ಕ.”

ಮುನ್ನೀ ಬೀ ಅನ್ನದ ಪಾತ್ರೆ ಇಳಿಸಿದಳು. ಗಂಡನಿಗೆಂದು ತೊಳೆದಿಟ್ಟಿದ್ದ ತಾಟನ್ನು ನಾಗಪ್ಪನ ಮುಂದಿಟ್ಟು ಬಡಿಸತೊಡಗಿದಳು.

“ನಾಳಿ ಬರಕೊಡವ್ವ ಟೀಚರ್,” ಎಂದಳು. “ಇವತ್ತೊಂದಿನ ಅಂವ ಊರಾಗ ಇರ್ಲಿ.”