ಮೊಣಕಾಲುದ್ದ ನೀರು

2003ನೇ ಇಸವಿ ಮೇ 12, ಸೋಮವಾರ ಬೆಳಿಗ್ಗೆ 9.40ಕ್ಕೆ ಹುಣಸೇಕುಂಟೆ ಪೊಲೀಸ್ ಠಾಣೆಗೆ ಕೋನಪ್ಪನೆಂಬ ರೈತ ತನ್ನ ಸೀಮೆಹಸುವನ್ನು ಹಿಡಿದುಕೊಂಡೇ ಬಂದ. ದೂರು ಕೊಟ್ಟರೆ ಸಾಲದು, ಸಾಕ್ಷಿಯೂ ಬೇಕು ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಸಾಕ್ಷಿ ಮುಂಗಾಲು ಕುಂಟುತ್ತ ಹೋಗಿ ಠಾಣೆಯ ಮುಂದಿನ ಕ್ರೋಟನ್ ಗಿಡಕ್ಕೆ ಬಾಯಿ ಹಾಕಿತು.

ದೂರು ಬರೆದುಕೊಂಡವರು ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಪ್ಪ. ಇಪ್ಪತ್ತೇಳು ವರ್ಷದ ಸರ್ವೀಸು, ದುಂಡನೆಯ ಅಕ್ಷರ, ಅದಕ್ಕಿಂತ ದುಂಡನೆಯ ಹೊಟ್ಟೆ. ಬತ್ತಿದ ಕೆರೆಯ ಮರಳಿನಲ್ಲಿ ನಿಧಿಗಳ್ಳರು ಗುಂಡಿ ತೋಡಿದ್ದಾರೆ, ಅದಕ್ಕೆ ಬಿದ್ದು ಹಸುವಿನ ಕಾಲು ಊನವಾಗಿದೆ, ಹಾಲು ಅರ್ಧಕ್ಕೆ ಇಳಿದಿದೆ ಎಂದು ಕೋನಪ್ಪ ಹೇಳಿದ. ಐಪಿಸಿ ಕಲಂ 429ರ ಅಡಿ ಎಫ್‌ಐಆರ್ ಆಯಿತು. ಕೊನೆಯಲ್ಲಿ ಕೋನಪ್ಪ ಇನ್ನೊಂದು ಮಾತು ಸೇರಿಸಿದ.

"ಬೆಳಕು ಹರಿಯೋ ಹೊತ್ತಿಗೆ ಕೆರೇಲಿ ಕುಂಯ್ ಕುಂಯ್ ಅಂತ ಮೆಷಿನ್ ಕೂಗುತ್ತೆ ಸಾರ್. ನಾನೇ ಕೇಳಿದ್ದೀನಿ."

ರಾಮಾಂಜಿನಪ್ಪನವರ ಪೆನ್ನು ನಿಂತಿತು. ಅಂಥ ಮೆಷಿನ್ ಸುತ್ತ ಹತ್ತು ಹಳ್ಳಿಗೆ ಒಂದೇ ಇದ್ದದ್ದು. ಫೆಬ್ರವರಿಯಲ್ಲಿ ಮಂತ್ರಿಯೊಬ್ಬರ ಬಂದೋಬಸ್ತಿಗೆಂದು ಕೋಲಾರದಿಂದ ಬಂದ ಉದ್ದ ಕೋಲಿನ ಮೆಟಲ್ ಡಿಟೆಕ್ಟರ್ ಅದು. ಠಾಣೆಯ ಸ್ಟೋರಿನಲ್ಲಿ ಇಲಿ ವೈರು ಕಡಿಯುತ್ತವೆಂದು ಅವರು ಅದನ್ನು ತಮ್ಮ ಕ್ವಾರ್ಟರ್ಸಿನ ಅಟ್ಟದ ಮೇಲೆ ಇಟ್ಟಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಸ್ಟೋರು ಎಂದೇ ಬರೆದಿದ್ದರು.

ಮಧ್ಯಾಹ್ನ ಊಟಕ್ಕೆ ಹೋದವರು ತಟ್ಟೆಯ ಮುಂದೆ ಕೂರದೆ ಅಟ್ಟ ಹತ್ತಿದರು. ಅಲ್ಲಿ ಎರಡು ಸಿಹಿಗುಂಬಳಕಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ಶುಕ್ರವಾರ ಡಿವೈಎಸ್‌ಪಿ ಸಾಹೇಬರ ಇನ್‌ಸ್ಪೆಕ್ಷನ್. ಎಎಸ್‌ಐ ಬಡ್ತಿಯ ಪಟ್ಟಿಯಲ್ಲಿ ರಾಮಾಂಜಿನಪ್ಪನವರ ಹೆಸರು ಎರಡನೆಯದು. ಸರ್ಕಾರಿ ಸ್ವತ್ತು ಮನೆಯಲ್ಲಿಟ್ಟುಕೊಂಡು ಕಳೆದವನಿಗೆ ಬಡ್ತಿಯ ಬದಲು ಸಸ್ಪೆನ್ಷನ್ ಆರ್ಡರು ಬರುತ್ತದೆ.

ಹೆಂಡತಿ ಲಕ್ಷ್ಮೀನರಸಮ್ಮನನ್ನು ಕೇಳಿದರು. ಆಕೆ ಮೊರದಲ್ಲಿನ ಅಕ್ಕಿಯಿಂದ ತಲೆ ಎತ್ತದೆ, ಅಟ್ಟ ಹತ್ತುವ ವಯಸ್ಸೇ ತನ್ನದು ಎಂದು ಕೇಳಿದಳು. ಇಪ್ಪತ್ತೇಳು ವರ್ಷ ಯಾರೊಬ್ಬರ ಮಾತನ್ನೂ ನಂಬದ ಮನುಷ್ಯ ಅದನ್ನು ನಂಬಿ ಕೈ ತೊಳೆದರು.

ಆ ಮನೆಯಲ್ಲಿ ಸಾಮಾನು ಕಾಣೆಯಾದದ್ದು ಅದೇ ಮೊದಲಲ್ಲ. 2000ದ ಗಣೇಶನ ಹಬ್ಬದಲ್ಲಿ ರಾಮಾಂಜಿನಪ್ಪನವರ ತಾಯಿಯ ಕಾಲದ ಚಿನ್ನದ ಗುಂಡಿನ ಸರ ಕಾಣೆಯಾಗಿತ್ತು. ಆ ಕೇಸನ್ನು ಅವರು ಅರ್ಧ ಗಂಟೆಯಲ್ಲಿ ಮುಗಿಸಿದ್ದರು. ಹಬ್ಬಕ್ಕೆ ಬಂದಿದ್ದ ಹೊರಗಿನವನು ಒಬ್ಬನೇ, ಹೆಂಡತಿಯ ತಮ್ಮ ಜಗನ್. ಅವನು ಕಣ್ಣಲ್ಲಿ ನೀರು ತಂದುಕೊಂಡರೂ ಇವರು ಕರಗಲಿಲ್ಲ. ಮಾಲು ತಂದು ಎದುರಿಗಿಡು, ಆಮೇಲೆ ಮಾತಾಡು ಎಂದು ಬಾಗಿಲು ತೋರಿಸಿದ್ದರು. ಅಂದಿನಿಂದ ಯಾರು ಕೇಳಿದರೂ ತಮಗೆ ಬಾಮೈದನೇ ಇಲ್ಲ ಎನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಪಿಎಸ್‌ಐ ವರಲಕ್ಷ್ಮಿ ಸ್ಥಳ ಪರಿಶೀಲನೆಗೆ ಹೊರಟರು. ಠಾಣೆಗೆ ಬಂದು ನಾಲ್ಕು ತಿಂಗಳಾಗಿದ್ದ, ಕಡಿಮೆ ಮಾತಿನ ಅಧಿಕಾರಿ. ಕಾನ್‌ಸ್ಟೆಬಲ್ ಬೀರೇಶ ಟೇಪು ಹಿಡಿದ, ರಾಮಾಂಜಿನಪ್ಪ ಪಂಚನಾಮೆ ಬರೆದರು. ಗುಂಡಿಗಳು ಮೂವತ್ತೆಂಟು, ಒಂದೊಂದೂ ಒಂದೂವರೆ ಅಡಿ ಆಳ. ಪಕ್ಕದ ಮಣ್ಣಿನಲ್ಲಿ ಸಿಕ್ಕಿದ್ದು: ಸೋಡಾ ಬಾಟಲಿಯ ಮುಚ್ಚಳ ಅರವತ್ತಮೂರು, ಹೇರ್‌ಪಿನ್ನು ಹದಿನೇಳು, ಎತ್ತಿನ ಲಾಳ ಒಂಬತ್ತು, ಹಿಡಿಯಿಲ್ಲದ ಸೌಟು ಒಂದು. ಅಷ್ಟನ್ನೂ ಚೀಲಕ್ಕೆ ಹಾಕಿ ಸೀಲು ಮಾಡಿದ್ದಾಯಿತು.

ಬೀರೇಶ ನಕ್ಷೆ ಬರೆದು ಗುಂಡಿಗಳಿಗೆಲ್ಲ ಚುಕ್ಕಿ ಇಟ್ಟ. ವರಲಕ್ಷ್ಮಿ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಚುಕ್ಕಿಗಳು ಕಂಡಕಂಡಲ್ಲಿ ಇರಲಿಲ್ಲ. ಕೆರೆಯ ದಡ ಬಾಗಿದಂತೆಯೇ ಬಾಗಿದ ಮೂರು ಸಾಲು. ಒಳಗಿನ ಸಾಲಿನ ಮಣ್ಣು ಪೂರ್ತಿ ಒಣಗಿತ್ತು, ನಡುವಿನದು ಅರೆಬರೆ, ದಡದ ಕಡೆಯದು ಇನ್ನೂ ತೇವವಾಗಿತ್ತು. ಆ ಸಾಲಿನಲ್ಲಿ ನಾಲ್ಕೇ ಗುಂಡಿ.

"ನಿಧಿ ಹುಡುಕೋರು ಹಿಂಗೆ ಹುಡುಕಲ್ಲ," ಎಂದರು ವರಲಕ್ಷ್ಮಿ. "ಇವನಿಗೆ ಎಲ್ಲಿ ಬಿದ್ದಿದೆ ಅಂತ ಗೊತ್ತು. ಎಷ್ಟು ಆಳದಲ್ಲಿ ಅನ್ನೋದೊಂದೇ ಗೊತ್ತಿಲ್ಲ. ಈ ಕೆರೆ ನೀರಿನ ಲೆಕ್ಕ ಯಾರಿಗೆ ಗೊತ್ತು?"

ಕೆರೆಯ ನೀರಿನ ವಿಷಯ ಗೊತ್ತಿದ್ದವನು ನೀರುಗಂಟಿ ಮುದ್ದಪ್ಪ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ತಾತನ ಕಾಲದಿಂದ ಬಂದ ಕೆಲಸ. ನೀರಿಲ್ಲದ ಕೆರೆಗೂ ದಿನಾ ಒಂದು ಸುತ್ತು ಹಾಕಿ ಬರುತ್ತಿದ್ದ. ಸಂಜೆ 4.15ಕ್ಕೆ ತೂಬಿನ ಕಟ್ಟೆಯ ಮೇಲೆ ಅವನ ವಿಚಾರಣೆ ನಡೆಯಿತು.

"ಇಲ್ಲಿ ಯಾರಾದರೂ ನಿನ್ನ ಏನಾದರೂ ಕೇಳಿದ್ರಾ?"

"ಕೇಳಿದ್ರು ತಾಯಿ. ಮೂರು ವರ್ಷದ ಹಿಂದೆ ಗಣೇಶನ್ನ ಬಿಡೋ ದಿನ ನೀರು ಎಲ್ಲೀಗಂಟ ಇತ್ತು ಅಂತ."

"ಯಾರು?"

"ಹೆಸರು ಕೇಳ್ಲಿಲ್ಲ. ಮೈಯೆಲ್ಲ ರೇಷ್ಮೆಹುಳದ ವಾಸನೆ."

ಮನೆಮನೆಯಲ್ಲೂ ರೇಷ್ಮೆ ಸಾಕುವ ಶಿಡ್ಲಘಟ್ಟದ ಸೀಮೆಯಲ್ಲಿ ಆ ಗುರುತು ಹೇಳುವುದೂ ಒಂದೇ, ಆಸಾಮಿಗೆ ಎರಡು ಕಾಲಿತ್ತು ಎನ್ನುವುದೂ ಒಂದೇ. ರಾಮಾಂಜಿನಪ್ಪ ಅದನ್ನೂ ಬರೆದುಕೊಂಡರು. ಮುದ್ದಪ್ಪ ಎದ್ದು ಹೋಗಿ ಆ ವರ್ಷದ ನೀರಿನ ಅಂಚನ್ನು ಕೋಲಿನಿಂದ ಗೀರಿ ತೋರಿಸಿದ. ಅಲ್ಲಿಂದ ಮೊದಲ ಸಾಲಿನ ಗುಂಡಿಗಳಿಗೆ ಕುತ್ತಿಗೆಯುದ್ದ ನೀರು, ಎರಡನೆಯದಕ್ಕೆ ಸೊಂಟದುದ್ದ.

"ಮೊದಲು ಕುತ್ತಿಗೆ ಆಳ ಎಲ್ಲಿ ಅಂತ ಕೇಳ್ದ ತಾಯಿ. ಗಣೇಶನ್ನ ಹೊತ್ಕೊಂಡು ಕುತ್ತಿಗೇಗಂಟ ಯಾವ ಪುಣ್ಯಾತ್ಮ ಹೋಗ್ತಾನೆ ಅಂದೆ ನಾನು. ನಮ್ಮ ಭಾವ ಹೋಗಿದ್ರಂತೆ, ಅವರೇ ಹೇಳಿದ್ದು ಅಂದ."

ಬಿಸಿಲು ಇಳಿದಿದ್ದರೂ ರಾಮಾಂಜಿನಪ್ಪ ಬೆವರಿದರು. ಹುಣಸೇಕುಂಟೆಯಲ್ಲಿ ಗಣೇಶನನ್ನು ಕುತ್ತಿಗೆಯುದ್ದ ನೀರಿನಲ್ಲಿ ಬಿಟ್ಟೆನೆಂದು ಹೇಳಿಕೊಂಡು ತಿರುಗುವ ಮನುಷ್ಯ ಒಬ್ಬನೇ. ಆತನಿಗೆ ಈಜು ಬಾರದು, ನೀರು ಕಂಡರೆ ಕೈಕಾಲು ನಡುಗುತ್ತದೆ ಎಂಬುದೂ ಒಬ್ಬನಿಗೇ ಗೊತ್ತು. ಆ ಇಬ್ಬರೂ ತಾವೇ.

"ಹೇಳಿದವನ ಮಾತಿನ ಮೇಲೆ ಇವನಿಗೆ ದಿನದಿಂದ ದಿನಕ್ಕೆ ನಂಬಿಕೆ ಹೋಗ್ತಿದೆ," ಎಂದರು ವರಲಕ್ಷ್ಮಿ. "ಕುತ್ತಿಗೆ ಆಯ್ತು, ಸೊಂಟ ಆಯ್ತು. ಈಗ ಮೊಣಕಾಲಿಗೆ ಬಂದಿದ್ದಾನೆ. ಆ ಸಾಲು ಇನ್ನೂ ಮುಗಿದಿಲ್ಲ. ನಾವು ಅಲ್ಲೇ ಕಾಯೋಣ."

ಬುಧವಾರ ಅವನು ಬರಲಿಲ್ಲ. ರಾಮಾಂಜಿನಪ್ಪನವರಿಗೆ ಅಂದು ಅನ್ನ ಸೇರಲಿಲ್ಲ. ಸರವನ್ನು ಗಣೇಶನ ಕೊರಳಿಗೆ ಹಾಕಿದ್ದು ತಾವೇ ಅಲ್ಲವೇ, ನೀರಿಗೆ ಬಿಡುವ ಮೊದಲು ತೆಗೆದದ್ದು ಯಾರು ಎಂದು ಮತ್ತೆ ಮತ್ತೆ ಕೇಳಿಕೊಂಡರು. ಬಾಯಿಬಿಟ್ಟರೆ ಡಿಟೆಕ್ಟರಿನ ಕತೆಯೂ ಬಯಲಾಗುತ್ತದೆ. ಸುಮ್ಮನಿದ್ದರು. ಇಂಥ ಮೌನವನ್ನು ಬೇರೆಯವರಲ್ಲಿ ಕಂಡಾಗ ಅವರು ಲಾಠಿ ಎತ್ತುತ್ತಿದ್ದರು.

15ನೇ ತಾರೀಖು ಗುರುವಾರ ಬೆಳಿಗ್ಗೆ 5.50ಕ್ಕೆ ಜಾಲಿಗಿಡಗಳ ಮರೆಯಲ್ಲಿ ಪಿಎಸ್‌ಐ, ಇಬ್ಬರು ಸಿಬ್ಬಂದಿ, ಪಂಚರಾಗಿ ಕೋನಪ್ಪ ಮತ್ತು ಮುದ್ದಪ್ಪ ಕುಳಿತಿದ್ದರು. ಸೈಕಲ್ ಇಳಿದವನು ಗೋಣಿಯಿಂದ ಮೆಷಿನ್ ತೆಗೆದು ಮೂರನೆಯ ಸಾಲಿಗೆ ಹೋದ. ಒಂದು ಹೆಜ್ಜೆ ಇಡುವುದು, ಕೋಲು ಆಡಿಸುವುದು, ಮತ್ತೊಂದು ಹೆಜ್ಜೆ. ಆರನೆಯ ಹೆಜ್ಜೆಗೆ ಮೆಷಿನ್ ಕೂಗಿತು. ಬೀರೇಶ ಹೋಗಿ ಹಿಡಿದುಕೊಂಡ.

ಜಗನ್ ಓಡಲಿಲ್ಲ. ಭಾವನನ್ನು ನೋಡಿ ತಲೆ ತಗ್ಗಿಸಿದ.

"ಏನು ಹುಡುಕ್ತಿದ್ದೆ?" ಎಂದರು ವರಲಕ್ಷ್ಮಿ.

ಅವನು ಜೇಬಿನಿಂದ ಒಂದು ಫೋಟೋ ತೆಗೆದುಕೊಟ್ಟ. 2000ದ ಗಣೇಶ, ಮನೆಯಿಂದ ಹೊರಡುವ ಮುನ್ನ ತೆಗೆದದ್ದು. ಸೇವಂತಿಗೆ ಹಾರದ ಅಡಿಯಲ್ಲಿ ಚಿನ್ನದ ಗುಂಡುಗಳು ಕಾಣುತ್ತಿದ್ದವು. ಗಣೇಶ ಇದ್ದದ್ದು ರಾಮಾಂಜಿನಪ್ಪನವರ ತಲೆಯ ಮೇಲೆ. ಫೋಟೋ ಯುಗಾದಿಗೆ ಪೆಟ್ಟಿಗೆ ಝಾಡಿಸುವಾಗ ಅಕ್ಕನಿಗೆ ಸಿಕ್ಕಿತು, ಅಷ್ಟರಲ್ಲಿ ಕೆರೆಯೂ ಬತ್ತಿತು, ಮೆಷಿನ್ ಅಕ್ಕನೇ ಕೊಟ್ಟಳು ಎಂದ. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ಕೆಲಸ ಶುರುವಾಗುವ ಮುಂಚೆ ಇಷ್ಟು ದೂರ ಸೈಕಲ್ ತುಳಿದು ಬಂದು ಹೋಗುತ್ತಿದ್ದನಂತೆ.

"ಅಗಿ," ಎಂದರು ವರಲಕ್ಷ್ಮಿ.

ಒಂದು ಅಡಿ ಕೆಳಗೆ ಮರಳು ಮುಗಿದು ಜೇಡಿಮಣ್ಣಿನ ಹೆಂಟೆ ಸಿಕ್ಕಿತು. ಒಡೆದರೆ ಒಳಗೆ ಸರ. ಜಗನ್ ಅದನ್ನು ಅಂಗಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಮಾಲು ತಗೊಂಡು ಬಾ, ಆಮೇಲೆ ಮಾತಾಡು ಅಂದಿದ್ರಲ್ಲ ಭಾವ. ತಂದಿದ್ದೀನಿ."

ರಾಮಾಂಜಿನಪ್ಪನವರಿಗೆ ನಾಚಿಕೆ ಎಂದರೆ ಏನೆಂದು ಆ ವಯಸ್ಸಿನಲ್ಲಿ ತಿಳಿಯಿತು.

ಆದರೂ ಪಂಚನಾಮೆ ಬರೆಯಲೇಬೇಕು. ವರಲಕ್ಷ್ಮಿ ಒಂದೊಂದಾಗಿ ಕೇಳಿದರು, ರಾಮಾಂಜಿನಪ್ಪ ಉತ್ತರ ಹೇಳುತ್ತ ತಾವೇ ಬರೆದುಕೊಂಡರು. ಸರ ಯಾರದು? ನಮ್ಮ ತಾಯಿಯದು. ನೀರಿಗೆ ಹಾಕಿದ್ದು ಯಾರು? ನಾನೇ. ಎಷ್ಟು ಆಳದಲ್ಲಿ? ಪೆನ್ನು ಸ್ವಲ್ಪ ತಡೆಯಿತು. ಪಂಚರಿಬ್ಬರೂ ಕತ್ತು ಚಾಚಿದರು. 'ಮೊಣಕಾಲುದ್ದ ನೀರಿನಲ್ಲಿ, ಭಯದಿಂದ' ಎಂದು ದುಂಡನೆಯ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅದು ಊರಿಗೆಲ್ಲ ಗೊತ್ತಾಗಿತ್ತು.

ಹಸುವಿನ ಕೇಸಿನಲ್ಲಿ ಜಗನ್‌ನ ಬಂಧನ 7.30ಕ್ಕೆ ದಾಖಲಾಯಿತು. ಡಿಟೆಕ್ಟರ್ ಸ್ಟೋರಿಗೆ ಬಂತು, ರಾಮಾಂಜಿನಪ್ಪನವರ ಕೈಗೆ ಮೆಮೊ ಬಂತು. ಎಲ್ಲ ಗುಂಡಿ ಮುಚ್ಚಬೇಕು, ಹಸುವಿನ ಕಾಲು ವಾಸಿಯಾಗುವ ತನಕ ದಿನಾ ಒಂದು ಹೊರೆ ಹುಲ್ಲು ಕೊಡಬೇಕು ಎಂದು ಕೋನಪ್ಪ ಪಟ್ಟು ಹಿಡಿದ. ಜಗನ್ ಒಪ್ಪಿದ. ಜಾಮೀನು ಕೊಡಬಹುದಾದ ಅಪರಾಧ, ಜಾಮೀನುದಾರ ಬೇಕು. ಯಾರೂ ಕೇಳುವ ಮೊದಲೇ ರಾಮಾಂಜಿನಪ್ಪ ಫಾರಂ ಎಳೆದುಕೊಂಡರು. ಹೆಸರು, ವಿಳಾಸ ತುಂಬಿದರು. ಆರೋಪಿಗೂ ತಮಗೂ ಇರುವ ಸಂಬಂಧ ಎಂಬ ಕಾಲಂ ಬಂತು. 'ಬಾಮೈದ' ಎಂದು ಬರೆದರು. ಅಕ್ಷರ ಸಣ್ಣದಾಯಿತೆನಿಸಿ ಅದರ ಮೇಲೆಯೇ ಮತ್ತೊಮ್ಮೆ ದಪ್ಪಗೆ ತಿದ್ದಿದರು.

ಆಮೇಲೆ ಠಾಣೆಯ ಹಿಂದಿನಿಂದ ಎರಡು ಸಲಿಕೆ ತಂದರು.

"ನಡಿಯಪ್ಪ, ಮೊದ್ಲು ಗುಂಡಿ ಮುಚ್ಚಣ. ನಿಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ."

ಕುತ್ತಿಗೆಯ ಸಾಲಿನ ಹದಿನೆಂಟು ಗುಂಡಿಗಳನ್ನು ಅವರು ಒಬ್ಬರೇ ಮುಚ್ಚಿದರು. ಜಗನ್ ಕೈ ಹಾಕಲು ಬಂದರೆ ಬಿಡಲಿಲ್ಲ.