ಮೆತ್ತನೆ ಹಾಸಿಗೆ, ಗಟ್ಟಿ ನೆಲ

"ಅಮ್ಮನ್ನ ಮುಟ್ಬೇಡಿ!"

ಅವನು ಕಿರುಚಿದ. ಅವಳು ಅವನನ್ನೇ ಪಕ್ಕಕ್ಕೆ ತಳ್ಳಿದಳು!

ಹೊಸ ಹಾಸಿಗೆ ತಲುಪಿಸಲು ಬಂದವಳು ಅವಳು. ಮಂಚಕ್ಕೆ ಹಾಕಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅವನ ಅಮ್ಮ ಕುಸಿದು ಬಿದ್ದಿದ್ದರು. ಉಸಿರಿರಲಿಲ್ಲ. ಅವಳು ಆಂಬುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ಅವನು ಅಮ್ಮನನ್ನು ಆ ಹಾಸಿಗೆಯ ಮೇಲೆ ಮಲಗಿಸಿ ಎದೆ ಒತ್ತತೊಡಗಿದ್ದ. ಗಡಿಯಾರ ರಿಪೇರಿ ಮಾಡುವ ಕೈ... ಮುಳ್ಳು ಕೂರಿಸುವಷ್ಟು ಮೆಲ್ಲಗೆ ಒತ್ತುತ್ತಿತ್ತು.

"ಆ ಹಾಸಿಗೆ ಹೊಲಿದಿದ್ದು ನಾನೇ ಕಣ್ರೀ! ನೀವು ಒತ್ತಿದ್ದೆಲ್ಲ ಅದೇ ನುಂಗ್ತಿದೆ, ಎದೆಗೆ ಹೋಗ್ತಿಲ್ಲ!"

ಅಮ್ಮನನ್ನು ದರದರನೆ ನೆಲಕ್ಕೆ ಎಳೆದಳು. ಮೊಣಕೈ ಮಡಿಸದೆ, ಮೈಭಾರವೆಲ್ಲ ಹಾಕಿ, ಎದೆಯ ನಡುವೆ ಒತ್ತಿದಳು. ಒಳಗೇನೋ ಲಟಕ್ಕೆಂದಿತು!

ಅವಳ ಜೀವ ಬಾಯಿಗೆ ಬಂತು. ಆದರೂ ಆಂಬುಲೆನ್ಸ್ ಬರುವವರೆಗೆ ಕೈ ನಿಲ್ಲಿಸಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅವನು ಹಲ್ಲು ಕಚ್ಚಿ ಕೇಳಿದ. "ಪಕ್ಕೆಲುಬು ಮುರಿದಿದೆ. ಸಮಾಧಾನ ಆಯ್ತಾ?"

"ಉಸಿರಾಡ್ತಿದಾರಾ?"

"...ಹೂಂ."

"ಹಾಗಾದ್ರೆ ಆಯ್ತು!"

ಮನೆಯಲ್ಲಿ ಅವಳ ಅಣ್ಣ ಗೋಗರೆದ. "ನಮ್ಮ ಹಾಸಿಗೆ ಅಂಗಡಿ ಹೆಸರು ಹಾಳಾಗುತ್ತೆ ಕಣೇ, ಒಂದ್ಸಲ ಕ್ಷಮೆ ಕೇಳ್ಬಿಡು."

"ಸತ್ರೂ ಕೇಳಲ್ಲ!"

ಆದರೆ ಹತ್ತಿ ತುಂಬುವಾಗಲೆಲ್ಲ ಆ ಗಡಿಯಾರದವನ ಹೆದರಿದ ಮುಖವೇ ಕಣ್ಣಮುಂದೆ... 'ಛೆ, ಇವನ್ಯಾರು ನನಗೆ?'

ಅಮ್ಮ ಎದ್ದು ಓಡಾಡುವಂತಾದ ಮೇಲೆ ಅವನು ಅಂಗಡಿಗೆ ಬಂದ. ತಲೆ ಎತ್ತಲಾಗಲಿಲ್ಲ.

"ಡಾಕ್ಟರ್ ಹೇಳಿದ್ರು... ಮೆಲ್ಲಗೆ ಒತ್ತಿದ್ರೆ ಎಲುಬು ಉಳೀತಿತ್ತು, ಅಮ್ಮ ಉಳೀತಿರ್ಲಿಲ್ವಂತೆ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಸಾಲ್ದು, ನಾನು ಶಿಬಿರದಲ್ಲಿ ಕಲಿತ ಹಾಗೆ ನೀವೂ ಕಲೀಬೇಕು. ಮಂಡಿಯೂರಿ ಕೂತ್ಕೊಳ್ಳಿ!"

ಬಿಗಿಯಾದ ದಿಂಬೊಂದನ್ನು ನೆಲಕ್ಕೆ ಎಸೆದಳು. ಅವನು ಒತ್ತಿದ. ಸ್ವಲ್ಪ ಹೊತ್ತಿಗೇ ಬೆವರಿಳಿದು ತೋಳು ಸೋತಿತು, ಆದರೂ ಬಿಡಲೊಲ್ಲ.

"ಸುಸ್ತಾದ್ರೆ ಬಾಯ್ಬಿಟ್ಟು ಹೇಳಿ! ಸೋತ ಕೈ ಮೇಲ್ಮೇಲೆ ಒತ್ತುತ್ತೆ. ಜೊತೆಗೊಬ್ರಿದ್ರೆ ಕೈ ಬದಲಾಯಿಸ್ಬೇಕು."

"ಜೊತೆಗೆ ನೀವಿರ್ತೀರಾ?"

"ಇದೀನಲ್ಲ."

"ಈಗಷ್ಟೇ ಅಲ್ಲ... ಯಾವಾಗ್ಲೂ."

ಅವಳ ಎದೆ ಡವಗುಟ್ಟಿತು. ಗತ್ತು ಮಾತ್ರ ಬಿಡಲಿಲ್ಲ. "ನಾನು ಯಾರ ಮಾತೂ ಕೇಳೋಳಲ್ಲ, ಗೊತ್ತಲ್ವಾ?"

"ಅವತ್ತು ನನ್ನ ಮಾತು ಕೇಳಿದ್ದಿದ್ರೆ ನನಗೆ ಅಮ್ಮ ಇರ್ತಿರ್ಲಿಲ್ಲ. ಯಾವತ್ತೂ ಕೇಳ್ಬೇಡಿ!"

ಅವಳ ಕಣ್ಣು ತುಂಬಿ ಬಂತು. ಸೋತಿದ್ದ ಅವನ ಕೈಯನ್ನು ಎತ್ತಿ ತನ್ನ ಕೈಯೊಳಗೆ ಇಟ್ಟುಕೊಂಡಳು.

"ಅಂದ್ರೆ... ಒಪ್ಪಿದ್ರಾ?"

"ಒಪ್ದೇ ಕೈ ಹಿಡ್ಕೊಳ್ಳೋಕೆ ನನಗೇನು ಹುಚ್ಚಾ?"