ಬುಷ್ ಹರಿದದ್ದು ಯಾರಿಂದ

"ಹಂಪ್ ಮೇಲೆ ಹೀಗೆ ಹಾರಿಸಿದ್ರೆ ಯಾವ ಬುಷ್ ತಾನೇ ಉಳಿಯುತ್ತೆ, ಮೇಷ್ಟ್ರೇ?"

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳ ಎದುರೇ ಮೆಕ್ಯಾನಿಕ್ ಹುಡುಗಿ ಹಾಗಂದುಬಿಟ್ಟಳು. ಅವನೋ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಊರಿಗೆಲ್ಲ ಕ್ಲಚ್ಚು ಬ್ರೇಕು ಕಲಿಸುವವನು. ಕಿವಿಯವರೆಗೂ ಕೆಂಪಾದ. "ನನ್ನದೇ ತಪ್ಪಿರಬೇಕು" ಎಂದು ತನ್ನ ಪುಟ್ಟ ಎಸ್‌ಯುವಿಯ ಕೀ ಕೊಟ್ಟು ನಡೆದೇ ಹೋದ. ಮೂರು ತಿಂಗಳ ಹಿಂದಷ್ಟೇ ಅದರ ಮುಂದಿನ ಚಕ್ರಗಳ ಬುಷ್ ಬದಲಿಸಿದ್ದವಳು ಇವಳೇ. ಈಗ ಮತ್ತೆ ಅದೇ ಟಕಟಕ ಸದ್ದು.

ಮಧ್ಯಾಹ್ನ ಗಾಡಿಯನ್ನು ಲಿಫ್ಟಿಗೇರಿಸಿ ನೋಡಿದಳು. ಚಕ್ರ ಹಿಡಿಯುವ ಕಬ್ಬಿಣದ ತೋಳಿನ ಬುಡದಲ್ಲಿ ಕೂರುವ ಆ ರಬ್ಬರ್ ಬುಷ್ ಸವೆದಿರಲಿಲ್ಲ, ತಿರುಚಿಕೊಂಡು ಹರಿದಿತ್ತು. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟ್ ಬಿಗಿದರೆ ಹೀಗಾಗುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಕೂತ ನಂತರವೇ ಬಿಗಿಯಬೇಕು. ಅವಳಿಗೆ ಗೊತ್ತಿಲ್ಲದ ಪಾಠವೇನಲ್ಲ. ಆದರೆ ಅವತ್ತು ಅವನು ಪಕ್ಕದಲ್ಲೇ ನಿಂತು, ರಿವರ್ಸ್ ಅಂದರೆ ಫಸ್ಟ್ ಹಾಕುವ ಶಿಷ್ಯರ ಕಥೆ ಹೇಳಿ ನಗಿಸುತ್ತಿದ್ದ. ಅವನ ಎಡಗೆನ್ನೆಯ ಗುಳಿ ನೋಡುತ್ತ ನೋಡುತ್ತ ಎಲ್ಲ ಬೋಲ್ಟುಗಳನ್ನೂ ಲಿಫ್ಟಿನ ಮೇಲೆಯೇ ಬಿಗಿದುಬಿಟ್ಟಿದ್ದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾಚಿಕೆಗೆ ಅವಳಿಗೆ ಊಟವೇ ಸೇರಲಿಲ್ಲ. ಹೊಸ ಬುಷ್ ಕೂರಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಆ ಕೆಂಪು ಕಿವಿಗಳು ಕಣ್ಣಿಂದ ಮರೆಯಾಗಲೊಲ್ಲವು.

ಸಂಜೆ ಅವನು ಬಂದ. "ಇನ್ಮೇಲೆ ಹಂಪ್ ಸಿಕ್ರೆ ಇಳಿದು ತಳ್ಕೊಂಡು ಹೋಗ್ತೀನಿ" ಎಂದ, ಅವಳ ಮುಖ ನೋಡದೆ.

"ತಪ್ಪು ನಿಮ್ಮದಲ್ಲ, ನಂದು." ಗ್ಯಾರೇಜಿನ ಯಜಮಾನರಾದ ಅಪ್ಪನಿಗೂ, ಕಾಯುತ್ತಿದ್ದ ಗಿರಾಕಿಗಳಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದಳು. "ಚಕ್ರ ನೇತಾಡ್ತಿರೋವಾಗ್ಲೇ ಬೋಲ್ಟ್ ಬಿಗಿದಿದ್ದೆ. ಬೆಳಿಗ್ಗೆ ಎಲ್ಲರೆದುರು ನಿಮ್ಮ ತಲೆಗೆ ಕಟ್ಟಿದೆ. ಕ್ಷಮಿಸಿ."

"ನೀವು ಮರೆಯೋರಲ್ವಲ್ಲ. ಹೇಗೆ ಮರೆತ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. "ನಿಮ್ಮನ್ನ ನೋಡ್ತಿದ್ದೆ" ಎಂದಳು, ಕೈಯಲ್ಲಿದ್ದ ಸ್ಪ್ಯಾನರಿಗೆ ಹೇಳುವಂತೆ.

ಅಪ್ಪ ಕೆಮ್ಮಿದರು. ಹೊಸ ಬುಷ್ ಕೂರಿಸಿ ಬೋಲ್ಟ್ ಬಿಗಿಯದೆ ಇಟ್ಟಿದ್ದ ಗಾಡಿಯನ್ನು ನೆಲದ ರಿಪೇರಿ ಗುಂಡಿಯ ಮೇಲೆ ತಂದು ನಿಲ್ಲಿಸಿ, ಮಗಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. "ಇಬ್ಬರೂ ಒಳಗೆ ಕೂತ್ಕೊಳ್ಳಿ, ಗಾಡಿಗೆ ಭಾರ ಬೇಕು. ಈ ಸಲ ನಾನೇ ಬಿಗೀತೀನಿ" ಎಂದು ಗುಂಡಿಗಿಳಿದರು.

ಒಳಗೆ ಅವಳು ಗ್ರೀಸ್ ಮೆತ್ತಿದ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿ ಕೂತಳು. ಅವನ ಕಿವಿ ಮತ್ತೆ ಕೆಂಪಾಗಿತ್ತು. ಈ ಬಾರಿ ಕೆನ್ನೆಯಲ್ಲಿ ಗುಳಿಯೂ ಇತ್ತು.

"ಮತ್ತೆ ಸದ್ದು ಬಂದ್ರೆ?" ಎಂದ ಮೆಲ್ಲಗೆ.

"ಸದ್ದು ಬರದಿದ್ರೂ ಬನ್ನಿ" ಎಂದಳು, ಮಧ್ಯಾಹ್ನದಿಂದ ಮೊದಲ ಸಲ ತಲೆಯೆತ್ತಿ.